ಕೈ ನಡುಗದಿರಲಿ ಅಂತ ನಾನೇ ಸುರಿದುಕೊಟ್ಟೆ

ನಮ್ಮನೆಯವರು ಬಡಗಿ. ಮನೆ ಮುಂದಿನ ಶೆಡ್ಡಿನಲ್ಲೇ ಗರಗಸದ ಮೆಷಿನ್ನು. ಅವರು ಕೊಯ್ದುಕೊಟ್ಟ ಹಲಗೆಗೆ ಸ್ಯಾಂಡ್‌ಪೇಪರ್ ಉಜ್ಜಿ ಪಾಲಿಷ್ ಹೊಡೆಯೋದು ನನ್ನ ಕೆಲಸ.

ಬೆಳಗಾದರೆ ಸಾಕು, ಅವರ ಕೈ ನಡುಗೋದು. ನಡುಗೋ ಕೈಯನ್ನ ಗರಗಸದ ಹತ್ರ ಬಿಟ್ಟರೆ ಏನಾಗುತ್ತೆ ಅಂತ ನಿಮಗೆ ಹೇಳಬೇಕಾ? ಒಂದು ಗುಟುಕು ಬ್ರಾಂದಿ ಒಳಗೆ ಹೋದರೆ ನಡುಕ ನಿಲ್ಲೋದು. ಅದಕ್ಕೇ ಕೆಮ್ಮಿನ ಔಷಧಿ ಮುಚ್ಚಳದಲ್ಲಿ ಅಳೆದು ನಾನೇ ಸುರಿದುಕೊಡ್ತಿದ್ದೆ. ಮೊದಲು ಎರಡು ಮುಚ್ಚಳ, ಆಮೇಲೆ ನಾಲ್ಕು, ಆಮೇಲೆ ಲೋಟ. ಬೆಳಿಗ್ಗೆ ಕೊಡೋಳೂ ನಾನೇ, ಸಂಜೆ ಬೈಯೋಳೂ ನಾನೇ.

ದಿನವೆಲ್ಲ ಜೀವ ಕೈಯಲ್ಲಿ ಹಿಡ್ಕೊಂಡಿರ್ತಿದ್ದೆ. ಮೆಷಿನ್ ಸದ್ದು ಸ್ವಲ್ಪ ಬದಲಾದರೂ ಎದೆ ಧಸಕ್ ಅಂತಿತ್ತು. ಓಡಿಹೋಗಿ ಹತ್ತು ಬೆರಳೂ ಇವೆಯಾ ಅಂತ ನೋಡಿ ಬರ್ತಿದ್ದೆ. "ಏನೇ, ಹಾಜರಿ ತಗೊಳ್ತೀಯಾ?" ಅಂತ ಅವರು ನಗೋರು. ನನಗೆ ನಗು ಬರ್ತಿರಲಿಲ್ಲ.

ಒಂದಿನ ಪಕ್ಕದ ಬೀದಿ ನರ್ಸಕ್ಕ ಕಿಟಕಿ ಮಾಡಿಸೋಕೆ ಅಂತ ಬಂದವರು ನಾನು ಲೋಟಕ್ಕೆ ಸುರಿಯೋದನ್ನ ನೋಡೇಬಿಟ್ಟರು. ನನ್ನನ್ನ ಪಕ್ಕಕ್ಕೆ ಕರೆದರು.

"ಇದೂ ಒಂದು ಕಾಯಿಲೆ ಕಣಮ್ಮ. ನಮ್ಮ ಆಸ್ಪತ್ರೇಲಿ ಆಪ್ತಸಮಾಲೋಚಕಿ ಇದ್ದಾರೆ. ಕೂರಿಸಿಕೊಂಡು ಮಾತಾಡಿ ಬಿಡೋಕೆ ದಾರಿ ತೋರಿಸ್ತಾರೆ."

"ಮಾತಿಗೆ ಹೋಗೋ ಕಾಯಿಲೆ ಆಗಿದ್ರೆ ನನ್ನ ಬೈಗುಳಕ್ಕೇ ಯಾವತ್ತೋ ಹೋಗಬೇಕಿತ್ತು ನರ್ಸಕ್ಕ."

"ನೀನು ಬೈದಿದ್ದೀಯ. ಆ ಮೇಡಂ ಕೇಳಿಸ್ಕೊಳ್ತಾರೆ. ಆದರೆ ಒಂದು ಮಾತು, ನೀವಾಗೇ ಒಂದೇ ಸಲ ನಿಲ್ಲಿಸಬೇಡಿ. ದಿನಾ ಕುಡಿಯೋರಿಗೆ ಫಿಟ್ಸ್ ಬರಬಹುದು. ಮೊದಲು ಡಾಕ್ಟರಿಗೆ ತೋರಿಸಿ."

ನಾನು ಕೇಳಿದೆನಾ? ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಸಿಕ್ಕಿಬಿದ್ದೆ ಅಂತ ನಾಚಿಕೆ, ನಾಚಿಕೆ ಮೇಲೆ ರೋಷ. ಅವತ್ತೇ ಇದ್ದಬದ್ದ ಬಾಟಲಿನೆಲ್ಲ ಚರಂಡಿಗೆ ಸುರಿದೆ. "ಆಯ್ತು ಬಿಡು, ಇವತ್ತಿಂದ ಬಂದ್" ಅಂದ್ರು ಅವರೂ. ಮರುದಿನ ಮಧ್ಯಾಹ್ನ ಮರದ ಹೊಟ್ಟಿನ ಮೇಲೆ ಧೊಪ್ಪಂತ ಬಿದ್ರು. ಕಣ್ಣು ಮೇಲೆ ಸಿಕ್ಕಿಕೊಂಡಿತ್ತು, ಬಾಯಲ್ಲಿ ನೊರೆ, ಕೈಕಾಲು ಸೆಟೆದು ಅದುರ್ತಿದ್ವು. ನಾನೇ ಕೊಂದುಬಿಟ್ಟೆ ಅಂದ್ಕೊಂಡೆ. ಮೆಷಿನ್ ಆಫ್ ಆಗಿತ್ತು, ಅದೊಂದೇ ಪುಣ್ಯ.

ಆಟೋದಲ್ಲಿ ಹಾಕ್ಕೊಂಡು ನರ್ಸಕ್ಕನ ಆಸ್ಪತ್ರೆಗೆ ಓಡಿದೆ. ಅಲ್ಲಿ ಇಟ್ಟುಕೊಂಡು ಔಷಧಿ ಕೊಟ್ಟು ನಡುಕ ಇಳಿಸಿದರು. ಆಮೇಲೆ ಇಬ್ಬರೂ ಸಮಾಲೋಚಕಿ ಮೇಡಂ ಎದುರು ಕೂತ್ವಿ. ಚಿಕ್ಕ ಕೋಣೆ, ಮೂರು ಕುರ್ಚಿ. ಮೇಡಂ ಬೈಯಲೂ ಇಲ್ಲ, ಆಣೆನೂ ಹಾಕಿಸಲಿಲ್ಲ. "ಕುಡೀಬೇಕು ಅಂತ ಯಾವಾಗ ಅನ್ಸುತ್ತೆ? ಆಗ ಮನಸ್ಸಲ್ಲಿ ಏನು ಓಡ್ತಿರುತ್ತೆ?" ಅಂತ ಕೇಳಿದ್ರು. ಇವರು ಬಾಯಿಬಿಟ್ಟಿದ್ದು ಮೂರನೇ ವಾರ.

"ಸ್ವಿಚ್ ಹಾಕೋ ಮುಂಚೆ ಮೇಡಂ. ಕೆಲಸ ಕಲಿಯೋವಾಗ ನನ್ನ ಗೆಳೆಯನ ಮೂರು ಬೆರಳು ಗರಗಸಕ್ಕೆ ಹೋದ್ವು. ಹೊಟ್ಟಿನಲ್ಲಿ ಹುಡುಕಿ ಎತ್ತಿಕೊಟ್ಟವನು ನಾನು. ಅವತ್ತಿಂದ ಮೆಷಿನ್ ಕಂಡರೆ ಭಯ."

ಹದಿನಾಲ್ಕು ವರ್ಷ ಸಂಸಾರ ಮಾಡಿದ್ದೀನಿ, ಈ ವಿಷಯ ನನಗೆ ಗೊತ್ತೇ ಇರಲಿಲ್ಲ. ಭಯ ಅಂತ ಅವರು ಕುಡಿದ್ರು, ಭಯ ಅಂತ ನಾನು ಸುರಿದೆ.

ಆಮೇಲೂ ವಾರವಾರ ಹೋದ್ವಿ. ಕುಡಿಯೋ ಆಸೆ ಬಂದಾಗ ಅರ್ಧ ಗಂಟೆ ತಡ್ಕೊಳ್ಳಿ, ಏರಿದ್ದು ತಾನೇ ಇಳಿಯುತ್ತೆ ಅಂದ್ರು ಮೇಡಂ. ಅಷ್ಟೊತ್ತೂ ಇವರು ನನ್ನ ಪಕ್ಕ ಕೂತು ಹಲಗೆ ಉಜ್ಜೋರು. ಗೆಳೆಯರು ಕರೆದರೆ ಬೇಡ ಅನ್ನೋದು ಹೇಗೆ ಅಂತ ನಾಟಕದ ಥರ ಆಡಿಸಿ ಕಲಿಸಿದ್ರು. ಸುರೀಬೇಡ, ಹಂಗಿಸಬೇಡ, ಜೊತೆಗಿರು ಅಂತ ನನಗೂ ಪಾಠ ಆಯ್ತು.

ನಾಲ್ಕನೇ ತಿಂಗಳು ಗಿರಾಕಿ ಮನೆಗೆ ಬಾಗಿಲು ಕೂರಿಸೋಕೆ ಹೋದವರು ವಾಸನೆ ಹೊತ್ತು ಬಂದ್ರು. ನಾನು ಬಾಯಿ ತೆಗೆಯೋ ಮುಂಚೆ ಶೆಡ್ಡಿನ ಬೀಗದ ಕೈ ತೆಗೆದು ನನ್ನ ಅಂಗೈಲಿಟ್ರು. "ಇವತ್ತು ಕುಡಿದಿದ್ದೀನಿ, ಮೆಷಿನ್ ಮುಟ್ಟಲ್ಲ. ಮೇಡಂಗೆ ಫೋನ್ ಮಾಡು. ನನಗೆ ಭಯ ಆಗ್ತಿದೆ ಕಣೇ."

ಅಷ್ಟು ವರ್ಷದಲ್ಲಿ ಆ ಮನುಷ್ಯ ಭಯ ಅಂತ, ಮೇಡಂ ಎದುರಲ್ಲದೆ, ನೇರ ನನ್ನ ಹತ್ರ ಹೇಳಿಕೊಂಡಿದ್ದು ಅದೇ ಮೊದಲು. ನಾನು ಅತ್ತುಬಿಟ್ಟೆ. ಒಂದು ಸಲ ಜಾರಿದ್ರೆ ಮುಗೀತು ಅಂತಲ್ಲ, ನಾಳೆನೇ ಬನ್ನಿ ಅಂದ್ರು ಮೇಡಂ. ಹೋದ್ವಿ. ಈಗಲೂ ಹೋಗ್ತಿದ್ದೀವಿ. ನನ್ನ ಭಯ ಪೂರ್ತಿ ಹೋಗಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಒಬ್ಬಳೇ ಹೊರೋದು ತಪ್ಪಿದೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮನೇಲಿ ಯಾರಾದ್ರೂ ಮದ್ಯಕ್ಕೋ ಮಾದಕ ವಸ್ತುವಿಗೋ ಸಿಕ್ಕಿಕೊಂಡಿದ್ರೆ ಮುಚ್ಚಿಡಬೇಡಿ. ನನ್ನ ಹಾಗೆ ಅಳೆದು ಕೊಡಬೇಡಿ, ನನ್ನ ಹಾಗೆ ಒಂದೇ ಏಟಿಗೆ ಕಿತ್ತುಕೊಳ್ಳಲೂ ಬೇಡಿ. ಹತ್ತಿರದ ಆಸ್ಪತ್ರೆಗೆ ಹೋಗಿ ಡಾಕ್ಟರನ್ನ ಕಾಣಿ, ಸಮಾಲೋಚಕರ ಎದುರು ಕೂರಿ, ನೀವೂ ಜೊತೆಗೆ ಕೂರಿ. ನಿನಗೇನು ಭಯ ಅಂತ ನಿಮ್ಮವರನ್ನ ಇಷ್ಟು ದಿನ ಯಾರೂ ಕೇಳಿಲ್ಲದೆ ಇರಬಹುದು. ಅಲ್ಲಿ ಕೇಳ್ತಾರೆ. ಇವತ್ತೇ ಹೋಗಿ.