ಕಾಗದದ ನಾಣ್ಯ ಬೇಡವೆಂದ ಆಲಿತ್

ಸ್ಪೇನಿನವರು ನಮ್ಮ ಲೈಡನ್ ಊರನ್ನು ಮುತ್ತಿ ತಿಂಗಳುಗಳೇ ಕಳೆದಿದ್ದವು. ಊರಲ್ಲಿ ಬೆಳ್ಳಿ ಮುಗಿಯುತ್ತ ಬಂತು. ಇಗರ್ಜಿಯ ಹಳೆಯ ಪುಸ್ತಕಗಳ ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ, ಗುಂಡಗೆ ಕತ್ತರಿಸಿ, ಅದಕ್ಕೇ ನಾಣ್ಯದ ಅಚ್ಚು ಒತ್ತತೊಡಗಿದರು. ಒತ್ತುತ್ತಿದ್ದವನು ನನ್ನ ಗಂಡ ಲೆನಾರ್ಟ್.

ಒಂದು ಮಧ್ಯಾಹ್ನ ಸೇತುವೆಯ ಬಳಿ ಆಲಿತ್‌ಳ ಅಂಗಡಿಯಲ್ಲಿ ಹೊಟ್ಟು ಬೆರೆಸಿದ ರೊಟ್ಟಿಯೊಂದನ್ನು ಕೊಂಡೆ. ಕೊಟ್ಟದ್ದು ಮನೆಯಲ್ಲಿ ಉಳಿದಿದ್ದ ಕೊನೆಯ ಬೆಳ್ಳಿ ನಾಣ್ಯ. ಹೊರಡುವಷ್ಟರಲ್ಲಿ ಕೋಟೆ ಕಾಯುವ ಸಿಪಾಯಿ ಗೋವರ್ಟ್ ಬಂದು ಹಲಗೆಯ ಮೇಲೆ ಕಾಗದದ ನಾಣ್ಯ ಇಟ್ಟ. ಆಲಿತ್ ಅದನ್ನು ಬೆರಳ ತುದಿಯಿಂದ ಹಿಂದಕ್ಕೆ ತಳ್ಳಿದಳು.

"ಇದನ್ನ ನೀನೇ ತಿನ್ನು."

"ಸಂಬಳ ಅಂತ ಕೊಟ್ಟಿದ್ದೇ ಇದು. ನಾನೇನು ಮನೇಲಿ ಮಾಡ್ಕೊಂಡು ಬಂದಿದೀನಾ?"

ಅವನ ಕೈ ಸೊಂಟದ ಚೂರಿಗೆ ಹೋಯಿತು. ಹಿಂದೆ ಇನ್ನಿಬ್ಬರು ಸಿಪಾಯಿಗಳು ಬಂದು ನಿಂತರು. "ನಾಳೆಯಿಂದ ನಾನೂ ತಗೊಳ್ಳಲ್ಲಪ್ಪ," ಎಂದು ಮೀನಿನವನೊಬ್ಬ ಗೊಣಗಿದ. ಹೊಟ್ಟೆಗಿಲ್ಲದ ಸಿಪಾಯಿ ಕೋಟೆಯ ಮೇಲೆ ಎಷ್ಟು ದಿನ ನಿಂತಾನು?

"ತಗೋ ಆಲಿತಕ್ಕ, ಪುರಸಭೆಯವರ ಮುದ್ರೆ ಇದೆಯಲ್ಲ," ಎಂದೆ.

ಅವಳು ಜೋರಾಗಿ ನಕ್ಕಳು. "ಕೇಳ್ರಪ್ಪೋ! ಗಂಡ ಒತ್ತೋದು ಕಾಗದ, ಹೆಂಡ್ತಿ ತರೋದು ಬೆಳ್ಳಿ!"

ನನ್ನ ಮುಖ ಕಾದ ಕಾವಲಿಯಂತಾಯಿತು. ಅವಳು ಹೇಳಿದ್ದರಲ್ಲಿ ಸುಳ್ಳೇನಿತ್ತು? ಮನೆಯಲ್ಲಿ ಮೂರು ವರ್ಷದ ಮಗಳು ಬೆಳಗಿನಿಂದ ಉಪವಾಸವಿದ್ದಳು. ಆದರೂ ರೊಟ್ಟಿಯನ್ನು ಗೋವರ್ಟನ ಮುಂದೆ ಹಿಡಿದೆ.

"ಅಣ್ಣಾ, ಇದು ತಗೊಂಡು ಆ ನಾಣ್ಯ ನಂಗೆ ಕೊಡು."

ಅವನು ಅನುಮಾನದಿಂದ ನೋಡಿದ. ಆಮೇಲೆ ಕಸಿದುಕೊಂಡು ನಿಂತಲ್ಲೇ ಹರಿದು ತಿನ್ನತೊಡಗಿದ. ನಾನು ನಾಣ್ಯವನ್ನು ಹಲಗೆಯ ಮೇಲಿಟ್ಟೆ.

"ಈಗ ನಂಗೊಂದು ರೊಟ್ಟಿ ಕೊಡಕ್ಕ."

"ಕೊಡಲ್ಲ ಅಂದ್ರೆ?"

"ನನ್ನ ಮಗಳು ಇವತ್ತೆಲ್ಲ ಉಪವಾಸ. ಅಷ್ಟೇ."

ಆಲಿತ್ ನನ್ನನ್ನು ನೋಡಿದಳು, ಸಿಪಾಯಿಗಳನ್ನು ನೋಡಿದಳು. ನಾಣ್ಯವನ್ನೆತ್ತಿ ಹೆಬ್ಬೆರಳಿನಿಂದ ಉಜ್ಜಿದಳು.

"ಹಾಳಾದ್ದು, ಊದಿದ್ರೆ ಹಾರಿಹೋಗುತ್ತೆ," ಎಂದು ಬೈದು ಪೆಟ್ಟಿಗೆಗೆ ಹಾಕಿದಳು. ಇದ್ದುದರಲ್ಲೇ ಚಿಕ್ಕ ರೊಟ್ಟಿಯನ್ನು ಆರಿಸಿ ನನ್ನತ್ತ ಎಸೆದಳು. ಹಿಂದಿದ್ದ ಸಿಪಾಯಿಗಳಲ್ಲೊಬ್ಬ ತನ್ನ ಕಾಗದ ಚಾಚಿದ. ಅದನ್ನೂ ತೆಗೆದುಕೊಂಡಳು.

ನಾನು ಓಡುತ್ತಲೇ ಮನೆ ಸೇರಿದೆ. ಮಗಳಿಗೆ ರೊಟ್ಟಿ ಮುರಿದು ಕೊಟ್ಟೆ.

ಮುಂದಿನ ತಿಂಗಳು ಸ್ಪೇನಿನವರು ಡೇರೆ ಕಿತ್ತು ಹೊರಟುಹೋದರು. ಆಲಿತ್ ಮಾತ್ರ ಆಮೇಲೂ ನನ್ನೊಡನೆ ನೆಟ್ಟಗೆ ಮಾತಾಡಲಿಲ್ಲ. ಅವಳನ್ನು ದೂರಲಾರೆ, ಅವಳ ಮನೆಯಲ್ಲೂ ಹಸಿದ ಬಾಯಿಗಳು ನಾಲ್ಕಿದ್ದವು.