ಸಣ್ಣಮ್ಮನ ಕುಕ್ಕರ್ ಪಾಠ

ನಾಯಿಮರಿ ಬೇಕು ಅಂತ ನಮ್ಮ ಮನೆಗೆ ಬಂದವರಿಗೆ ನಾನು ಮೊದಲು ಕಾಫಿ ಕೊಡುತ್ತೇನೆ, ಆಮೇಲೆ ಪ್ರಶ್ನೆ ಶುರು ಮಾಡುತ್ತೇನೆ. ಹಗಲು ಹೊತ್ತು ಮನೆಯಲ್ಲಿ ಯಾರಿರುತ್ತಾರೆ? ಮಳೆ ಬಂದ ದಿನ ವಾಕಿಂಗ್ ಕರೆದುಕೊಂಡು ಹೋಗುವವರು ಯಾರು? ಸೋಫಾ ಕಿತ್ತು ಹಾಕಿದರೆ ಏನು ಮಾಡುತ್ತೀರಿ? ಇಷ್ಟರಲ್ಲಿ ಅರ್ಧ ಜನಕ್ಕೆ ಕಾಫಿ ಕಹಿಯಾಗಿರುತ್ತದೆ. ಮೇಟಗಳ್ಳಿಯಲ್ಲಿ ವರ್ಕ್‌ಶಾಪು ಇಟ್ಟಿರುವ ಏಕಾಂತಯ್ಯ ಅಂತ ಒಬ್ಬರು ಬಂದಿದ್ದರು. "ಹಗಲೆಲ್ಲ ಬೋನಲ್ಲಿ ಹಾಕಿಡ್ತೀವಿ ಮೇಡಂ, ರಾತ್ರಿ ಬಿಡ್ತೀವಿ, ಕಳ್ಳರ ಕಾಟ" ಅಂದರು. ಹಾಗಾದರೆ ಒಂದು ಒಳ್ಳೆ ಬೀಗ ತಗೊಳ್ಳಿ ಸಾರ್, ಅದಕ್ಕೆ ಊಟ ಹಾಕುವ ತಾಪತ್ರಯವೂ ಇಲ್ಲ ಅಂದು ಕಳಿಸಿದೆ. ವಿದ್ಯಾರಣ್ಯಪುರಂನಲ್ಲಿ ಎಲೆಕ್ಟ್ರಿಕ್ ಸಾಮಾನಿನ ಅಂಗಡಿ ನಡೆಸುವ ನನ್ನ ಗಂಡ ಯೋಗೇಂದ್ರ ಅವತ್ತೇ ಹೇಳಿದರು, ನನಗೆ ಚಾಮುಂಡೇಶ್ವರಿ ಅಂತ ಹೆಸರಿಟ್ಟವರು ಮುಂದಾಲೋಚನೆ ಇದ್ದವರು ಅಂತ.

ನಾವು ಸಾಕುವುದು ಲ್ಯಾಬ್ರಡಾರ್. ತಾಯಿಯ ಹೆಸರು ಜಾಮೂನು, ಬಣ್ಣವೂ ಹಾಗೇ, ಸ್ವಭಾವವೂ ಹಾಗೇ. ವರ್ಷಕ್ಕೆರಡು ಸಲ ಮರಿ ಹಾಕಿಸಿ ತಾಯಿಯನ್ನು ಹಿಂಡಿ ಹಿಪ್ಪೆ ಮಾಡುವವರ ಪೈಕಿ ನಾನಲ್ಲ. ಅವಳ ಸೊಂಟ, ಕಣ್ಣು, ರಕ್ತ ಎಲ್ಲ ಪರೀಕ್ಷೆ ಮಾಡಿಸಿ, ಅವಳಿಗೆ ತಕ್ಕ ಜೋಡಿ ಹುಡುಕುವಷ್ಟರಲ್ಲಿ ನನ್ನ ನಾದಿನಿಗೆ ಗಂಡು ಹುಡುಕಿದ್ದೇ ಸುಲಭವಾಗಿತ್ತು ಅನ್ನಿಸಿತು.

ಈ ಸಲ ಹುಟ್ಟಿದ್ದು ಆರು ಮರಿ. ಬಡಗಿ ಲೋಕೇಶ್ ಮಾಡಿಕೊಟ್ಟ ಅಗಲವಾದ ಪೆಟ್ಟಿಗೆಯಲ್ಲಿ ಹೆರಿಗೆ. ಜಾಮೂನು ಹೊರಳಿದಾಗ ಮರಿಗಳು ಗೋಡೆಗೆ ಸಿಕ್ಕಿ ಅಪ್ಪಚ್ಚಿಯಾಗದಿರಲಿ ಅಂತ ಅದರ ಒಳಗೆ ಸುತ್ತಲೂ ಅಡ್ಡಪಟ್ಟಿ ಹೊಡೆಸಿದ್ದೆ. ನಮ್ಮತ್ತೆ ಬೋರಮ್ಮ ಬಾಗಿಲಲ್ಲಿ ನಿಂತು, "ನಾಯಿ ಸಾಕಿ ಉದ್ಧಾರ ಆದೋರ್ನ ನಾನಂತೂ ಕಾಣೆ ಕಣವ್ವ" ಅಂತ ಮೂಗು ಮುರಿಯುತ್ತಿದ್ದರು. ಕೊನೆಯ ಮರಿ ಬಂದಾಗ ಅದರಲ್ಲಿ ಉಸಿರಿರಲಿಲ್ಲ. ನನ್ನ ಕೈಯಲ್ಲಿ ಇನ್ನೊಂದು ಮರಿ. ನಾನು ಕೂಗುವಷ್ಟರಲ್ಲಿ ಅತ್ತೆ ಕೆಳಗೆ ಕೂತು, ಟವೆಲ್ಲಿನಲ್ಲಿ ಅದನ್ನು ಸುತ್ತಿ, ಬೆನ್ನು ತಿಕ್ಕಿದರು, ತಿಕ್ಕಿದರು, ಬೈಯುತ್ತಾ ತಿಕ್ಕಿದರು. ಅದು ಕುಂಯ್ ಅಂದಿತು. ಅತ್ತೆಯ ಮುಖ ನೋಡಬೇಕಿತ್ತು! ಅಂದಿನಿಂದ ನಾಯಿ ಸಾಕಿ ಉದ್ಧಾರ ಆಗುವ ಮಾತು ನಿಂತುಹೋಯಿತು.

ನಮ್ಮ ಮನೆಯಲ್ಲಿ ಒಂದು ನಿಯಮವಿದೆ. ಮರಿಗಳಿಗೆ ನಾವು ಹೆಸರಿಡುವುದಿಲ್ಲ. ಕತ್ತಿಗೆ ಬಣ್ಣಬಣ್ಣದ ಉಣ್ಣೆ ದಾರ ಕಟ್ಟಿ, ಕೆಂಪು, ಹಳದಿ, ನೀಲಿ ಅಂತ ಕರೆಯುತ್ತೇವೆ. ಹೆಸರಿಡುವ ಹಕ್ಕು ಸೇರುವ ಮನೆಯವರದು. ಹೆಸರಿಟ್ಟರೆ ಆಮೇಲೆ ಬಿಟ್ಟುಕೊಡಲು ಮನಸ್ಸು ಬರುವುದಿಲ್ಲ, ಇದು ಅನುಭವದ ಮಾತು. ಆ ಕೊನೆಯ ಮರಿಗೆ ಹಸಿರು ದಾರ ಕಟ್ಟಿದೆ. ವಾರ ಕಳೆಯುವುದರೊಳಗೆ ಅತ್ತೆ ಅದನ್ನು ಸಣ್ಣಮ್ಮ ಅನ್ನತೊಡಗಿದರು. ನಾನು ಕೇಳಿಯೂ ಕೇಳದ ಹಾಗಿದ್ದೆ. ಮನೆಯಲ್ಲಿ ಶಾಂತಿ ಇರಬೇಕಾದರೆ ಸೊಸೆಗೆ ಅಲ್ಪಸ್ವಲ್ಪ ಕಿವುಡು ಇರಬೇಕು.

ಮರಿಗಳು ಕಣ್ಣು ಬಿಟ್ಟು ಕಿವಿ ತೆರೆದ ಮೇಲೆ ನಮ್ಮ ಮನೆಯ ಹಾಲ್ ಶಾಲೆಯಾಗುತ್ತದೆ. ಜನ ತಿಳಿದಿರುವುದು ಮರಿ ಅಂದರೆ ಹಾಲು, ಅನ್ನ, ಇಂಜೆಕ್ಷನ್ ಅಂತ. ಹೊಟ್ಟೆ ತುಂಬಿಸುವುದು ಸುಲಭ, ಧೈರ್ಯ ತುಂಬಿಸುವುದೇ ಕಷ್ಟ. ಈ ಎಳೆ ವಯಸ್ಸಿನಲ್ಲಿ ನಾಯಿ ಏನೇನನ್ನು ನಗುನಗುತ್ತಾ ನೋಡುತ್ತದೋ ಅದಕ್ಕೆ ಆಯುಷ್ಯಪೂರ್ತಿ ಹೆದರುವುದಿಲ್ಲ. ಹಾಗಾಗಿ ನಾನು ಒಂದು ದಿನ ಗೋಣಿಚೀಲ ಹಾಸುತ್ತೇನೆ, ಇನ್ನೊಂದು ದಿನ ಒದ್ದೆ ನೆಲದ ಮೇಲೆ ಓಡಿಸುತ್ತೇನೆ. ಪಕ್ಕದ ಮನೆ ಕುಸುಮ ಸರಬರ ಅನ್ನುವ ರೇಷ್ಮೆ ಸೀರೆ ಉಟ್ಟು ಬಂದು ಮುದ್ದು ಮಾಡಿ ಹೋಗುತ್ತಾಳೆ. ಯೋಗೇಂದ್ರ ಹೆಲ್ಮೆಟ್ಟು ಹಾಕಿಕೊಂಡು, ರೇನ್‌ಕೋಟು ತೊಟ್ಟು, ಬಿರುಬೇಸಿಗೆಯಲ್ಲಿ ಮನೆಯೊಳಗೆ ಛತ್ರಿ ಬಿಚ್ಚಿ ಮುಚ್ಚಿ ಮಾಡುತ್ತಾರೆ. ಮರಿಗಳು ಅವರ ಪಂಚೆ ಹಿಡಿದು ಜಗ್ಗುತ್ತವೆ. ಮನೆಗೆ ಹೊಂದಿಕೊಂಡ ಅಂಗಡಿಗೆ ಬರುವ ಗಿರಾಕಿಗಳು ಇದನ್ನು ಕಿಟಕಿಯಿಂದ ನೋಡಿ ಏನಂದುಕೊಂಡರೋ, ನಾವು ವಿಚಾರಿಸಲಿಲ್ಲ.

ಇದರಲ್ಲಿ ದಿನನಿತ್ಯದ ಪಾಠ ಕುಕ್ಕರಿನದು. ಬೆಳಿಗ್ಗೆ ಮರಿಗಳ ಮುಂದೆ ರಾಗಿಗಂಜಿ, ಮೊಸರು ಇಡುವ ಹೊತ್ತಿಗೇ ನಾನು ಅಡುಗೆಮನೆಯಲ್ಲಿ ಕುಕ್ಕರ್ ಕೂಗಿಸುತ್ತೇನೆ. ಊಟದ ಜೊತೆ ಬಂದ ಸದ್ದು ಶತ್ರು ಅಲ್ಲ ಅಂತ ಅವುಗಳಿಗೆ ತಾನೇ ತಿಳಿಯುತ್ತದೆ. ನಾನು ಒಲೆ ಹತ್ತಿರ, ಯೋಗೇಂದ್ರ ಹಾಲಿನಲ್ಲಿ ಮೇಷ್ಟ್ರು. "ಹೇಗ್ರೀ?" ಅಂತ ನಾನು ಕೂಗಿದರೆ "ಆರೂ ಪಾಸು ಕಣೇ" ಅಂತ ಅವರು ಕೂಗುತ್ತಿದ್ದರು. ನಂಬಿದೆ. ಕಟ್ಟಿಕೊಂಡ ಗಂಡನನ್ನು ನಂಬದೆ ಇನ್ನು ಯಾರನ್ನು ನಂಬಲಿ?

ಯಾವ ಮರಿ ಯಾವ ಮನೆಗೆ ಅಂತ ತೀರ್ಮಾನಿಸುವವಳು ನಾನೇ. ಹಸಿರು ದಾರದ್ದನ್ನು ಕೃಷ್ಣಮೂರ್ತಿಪುರಂನ ಸಮನ್ವಿತಾಗೆ ಅಂತ ಗೊತ್ತು ಮಾಡಿದ್ದೆ. ಅವಳಪ್ಪ ಸುದರ್ಶನ ಕಾಲೇಜಿನಲ್ಲಿ ಪಾಠ ಹೇಳುವವರು, ಅಜ್ಜಿ ಸುಂದರಮ್ಮ ಸದಾ ಮನೆಯಲ್ಲೇ ಇರುವವರು. ಹಿಂದಿನ ಸಲದ ಮರಿಗಳೆಲ್ಲ ಬೇರೆಯವರಿಗೆ ಮಾತಾಗಿಹೋಗಿದ್ದವು ಅಂತ ಆ ಹುಡುಗಿ ಜಾಮೂನು ಮತ್ತೆ ಬಸಿರಾಗುವವರೆಗೆ ಕಾದಿದ್ದಳು. ಅವರ ಮನೆಯ ವಿಷಯದಲ್ಲಿ ನನಗಿದ್ದ ಅಳುಕು ಒಂದೇ, ಎದುರಿಗೇ ಮದುವೆ ಛತ್ರ. ಓಲಗ, ಪಟಾಕಿ, ಬ್ಯಾಂಡ್‌ಸೆಟ್ಟು. ಅದಕ್ಕೇ ಯಾವಾಗ ನೋಡಿದರೂ ಅತ್ತೆಯ ಮಡಿಲಲ್ಲಿ ತಣ್ಣಗೆ ಮಲಗಿರುತ್ತಿದ್ದ ಸಣ್ಣಮ್ಮನನ್ನು ಆರಿಸಿದೆ. "ಇದು ಯಾವ ಗಲಾಟೆಗೂ ಜಗ್ಗೋದಿಲ್ಲ ಸಾರ್" ಅಂತ ನಾನೇ ಸುದರ್ಶನರಿಗೆ ಭರವಸೆ ಕೊಟ್ಟಿದ್ದೆ.

ಮರಿಗಳನ್ನು ಕಳಿಸುವ ಮುಂಚೆ ಒಂದೊಂದನ್ನೇ ಕೂರಿಸಿ ನಾನು ಪರೀಕ್ಷೆ ಮಾಡುತ್ತೇನೆ. ಐದು ಮರಿಗಳು ಕುಕ್ಕರ್ ಕೂಗಿದರೂ ತಟ್ಟೆಯಿಂದ ತಲೆ ಎತ್ತಲಿಲ್ಲ. ಸಣ್ಣಮ್ಮನ ಸರದಿ ಬಂತು. ಮೊದಲ ವಿಷಲ್‌ಗೇ ಅದು ತಟ್ಟೆ ಚೆಲ್ಲಿ, ಉಚ್ಚೆ ಹೊಯ್ದುಕೊಂಡು, ಅತ್ತೆಯ ಮಂಚದ ಕೆಳಗೆ ನುಗ್ಗಿತು. ನಾನು ಬಗ್ಗಿ ನೋಡಿದೆ. ಮೂಲೆಗೆ ಒತ್ತಿಕೊಂಡು ಗಡಗಡ ನಡುಗುತ್ತಿತ್ತು. ಎದ್ದು ನಿಂತು ಗಂಡನ ಮುಖ ನೋಡಿದೆ. ಅವರು ಫ್ಯಾನ್ ನೋಡಿದರು.

"ಅವನ್ನ ಯಾಕೆ ನೋಡೀಯೆ, ನಾನೇಯ" ಅಂದರು ಅತ್ತೆ. "ಮೊದಲ್ನೇ ದಿನ ಅದು ಬೆಚ್ಚಿಬಿತ್ತು. ಉಸ್ರೇ ಇಲ್ದೆ ಉಟ್ಟಿದ್ ಮಗ ಅದು. ಎದೆ ಒಡ್ಕೊಂಡ್ ಸತ್ರೆ ಎಂಗೆ ಅಂತ ಸೆರಗಲ್ಲಿ ಸುತ್ಕೊಂಡು ಕುಸುಮನ ಮನೆ ಇತ್ಲಿಗೆ ವೋಯ್ತಿದ್ದೆ. ಕುಕ್ಕರ್ ನಿಂತ್ ಮೇಲೆ ಕರ್ಕೊಂಡ್ ಬತ್ತಿದ್ದೆ."

"ದಿನಾನಾ?"

"ದಿನಾಲೂವೆ."

"ಅವ್ವ ಹೇಳಬೇಡ ಅಂದ್ರು ಕಣೇ" ಅಂದರು ನಮ್ಮ ಮೇಷ್ಟ್ರು.

ನನಗೆ ಬಂದ ಕೋಪ ಇಲ್ಲಿ ಬರೆಯುವಂಥದ್ದಲ್ಲ. ಗಂಡನ ಪಾಲಿನದ್ದನ್ನು ಗಂಡನಿಗೆ ಅಲ್ಲೇ ಕೊಟ್ಟೆ. ಅತ್ತೆಗೆ ಮಾತ್ರ ಕೂತು ಹೇಳಿದೆ. ಹೆದರುಪುಕ್ಕಲು ನಾಯಿಯ ಪಾಡು ಏನಾಗುತ್ತದೆ ಅಂತ. ದೀಪಾವಳಿಯಲ್ಲಿ ಹಗ್ಗ ಕಿತ್ತುಕೊಂಡು ಓಡಿ ಲಾರಿಗೆ ಸಿಗುತ್ತದೆ. ಇಲ್ಲವೇ ಗಾಬರಿಗೆ ಯಾರನ್ನೋ ಕಚ್ಚುತ್ತದೆ, ಆಮೇಲೆ ಸಾಯುವವರೆಗೂ ಸರಪಳಿ. ಮರಿಯನ್ನು ಸೆರಗಿನಲ್ಲಿ ಮುಚ್ಚಿಟ್ಟರೆ ಭಯವೂ ಅದರ ಜೊತೆಗೇ ಬೆಳೆಯುತ್ತದೆ ಅತ್ತೆ, ಅಂದೆ.

ಅತ್ತೆ ಚೆಲ್ಲಿದ ತಟ್ಟೆ ಎತ್ತಿಟ್ಟು ನೆಲ ಒರೆಸಿದರು. ಆಮೇಲೆ, "ಅಂಗಾರೆ ಇಲ್ಲೇ ಇರ್ಲಿ ಬುಡು. ಎದ್ರೋ ನಾಯೀನ ಪರರ ಮನೇಗ್ ಯಾಕ್ ಕಳಿಸ್ಬೇಕು? ಆ ಮಗೀಗೆ ಬ್ಯಾರೇದ್ ಕೊಡು" ಅಂದರು. ಅವರ ಕಣ್ಣಲ್ಲಿ ಆಸೆ ಇತ್ತು. ನನಗೆ ಅದು ಕಾಣಿಸಿತು.

ಅಷ್ಟರಲ್ಲಿ ಬೀದಿಯ ಆ ಕೊನೆಯ ಯಾರದೋ ಮನೆಯಲ್ಲಿ ಕುಕ್ಕರ್ ಕೂಗಿತು. ನಮಗೇ ಸರಿಯಾಗಿ ಕೇಳಿಸದಷ್ಟು ದೂರ. ಮಂಚದ ಕೆಳಗೆ ಉಗುರು ನೆಲಕ್ಕೆ ಕೆರೆಯುವ ಸದ್ದಾಯಿತು. ಅತ್ತೆ ಬಗ್ಗಿ ನೋಡಿದರು. ಸಣ್ಣಮ್ಮ ಅವರ ಕೈ ಕಂಡರೂ ಬರಲಿಲ್ಲ, ಇನ್ನಷ್ಟು ಒಳಗೆ ಸರಿಯಿತು.

"ಇಲ್ಲೇ ಇದ್ರೂ ಮಂಚದ ಕೆಳಗೇ ಅದರ ಬಾಳು ಅತ್ತೆ" ಅಂದೆ. "ನಮ್ಮ ಬೀದೀಲಿ ಕುಕ್ಕರ್ ಇಲ್ಲದ ಮನೆ ಯಾವುದಿದೆ ಹೇಳಿ?"

"ಎಂಗ್ ಮಾಡ್ಬೇಕು ಏಳು" ಅಂದರು ಅತ್ತೆ, ನೆಲ ನೋಡುತ್ತಾ.

"ಧೈರ್ಯ ಬಂದ್ರೆ ಅದು ಹೋಗುತ್ತೆ. ಆ ಹುಡುಗಿಗೆ ಮಾತು ಕೊಟ್ಟಿದ್ದೀನಿ."

"ಗೊತ್ತು ಕಣಮ್ಮಿ. ಎಂಗ್ ಮಾಡ್ಬೇಕು ಅದ್ನ ಏಳು."

ಅದೃಷ್ಟಕ್ಕೆ ಆಷಾಢ ಬಂತು. ಆಷಾಢದಲ್ಲಿ ಹೊಸ ಸೊಸೆಯನ್ನೇ ತವರಿಗೆ ಕಳಿಸುವ ಜನ, ಹೊಸ ನಾಯಿಯನ್ನು ಮನೆ ತುಂಬಿಸಿಕೊಳ್ಳುತ್ತಾರೆಯೇ? ಕೆಲವರು ಆಷಾಢಕ್ಕೆ ಮುಂಚೆಯೇ ಕೊಡಿ ಅಂತ ದುಂಬಾಲು ಬಿದ್ದಿದ್ದರು. ತಾಯಿ, ಒಡಹುಟ್ಟಿದವರ ಜೊತೆ ಕಚ್ಚಾಡಿ ಎಷ್ಟು ಕಚ್ಚಬೇಕು, ಎಲ್ಲಿ ನಿಲ್ಲಿಸಬೇಕು ಅಂತ ಕಲಿಯದೆ ಒಂದು ಮರಿಯೂ ಹೊಸಿಲು ದಾಟುವುದಿಲ್ಲ ಅಂತ ನಾನು ಗದರಿಸಿದ್ದೆ. ಸುಂದರಮ್ಮನವರು ಫೋನಿನಲ್ಲಿ, "ಶ್ರಾವಣ ಬರಲಿ ಕಣಮ್ಮ, ಶುಭವಾಗಿ ಕರೆದುಕೊಂಡು ಬರೋಣ" ಅಂದಾಗ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ವಿಷಯ ಅವರಿಗೂ ಹೇಳಿದೆ. ಮುಚ್ಚಿಟ್ಟು ಕೊಡುವ ಕೆಲಸ ನಮ್ಮಲ್ಲಿಲ್ಲ. ಸಣ್ಣಮ್ಮ ಸರಿಹೋಗದಿದ್ದರೆ ಈ ಸಲ ಕೊಡುವುದಿಲ್ಲ ಅಂತಲೂ ಹೇಳಿದೆ.

ಅತ್ತೆ ಮರುದಿನವೇ ಜಗಲಿಯಲ್ಲಿ ಕೂತರು. ಮಡಿಲಲ್ಲಿ ಸಣ್ಣಮ್ಮ, ಪಕ್ಕದಲ್ಲಿ ಬಟ್ಟಲು ತುಂಬ ಬೇಯಿಸಿದ ಕೋಳಿ ಚೂರು. ದೂರದಲ್ಲೆಲ್ಲೋ ಕುಕ್ಕರ್ ಕೂಗಿದರೆ ಒಂದು ಚೂರು ಬಾಯಿಗೆ. ಸೆರಗು ಹೊದೆಸಬಾರದು ಅಂತ ನಾನು ಹೇಳಿದ್ದೆ. ಸೆರಗನ್ನು ಸೊಂಟಕ್ಕೆ ಬಿಗಿದು ಕೂರುತ್ತಿದ್ದರು, ಕೈ ತಾನಾಗಿ ಅತ್ತ ಹೋಗದಿರಲಿ ಅಂತ. ಮರಿ ಬೆಚ್ಚಿದರೆ ಇವರೂ ಬೆಚ್ಚುತ್ತಿದ್ದರು. "ನೀವು ಹೆದರಿದ್ರೆ ಅದೂ ಹೆದರುತ್ತೆ" ಅಂದೆ. ಆಮೇಲಿಂದ ಕುಕ್ಕರ್ ಕೂಗಿದಾಗಲೆಲ್ಲ ಅತ್ತೆ ಹಲ್ಲು ಬಿಟ್ಟು ನಗತೊಡಗಿದರು. ಬೆಳಿಗ್ಗೆ ನಮ್ಮ ಬೀದಿಯಲ್ಲಿ ಒಂದರ ಹಿಂದೊಂದು ಕುಕ್ಕರ್, ಜಗಲಿಯ ಮೇಲೆ ಕೂತು ಒಬ್ಬರೇ ನಗುವ ಬೋರಮ್ಮ. ಹಾಲು ಹಾಕುವವನು ಎರಡು ದಿನ ಪ್ಯಾಕೆಟ್ಟನ್ನು ಗೇಟಿನಿಂದಲೇ ಎಸೆದು ಹೋದ.

ಜಗಲಿಯಿಂದ ಹಾಲಿಗೆ, ಹಾಲಿನಿಂದ ಅಡುಗೆಮನೆ ಬಾಗಿಲಿಗೆ, ಅತ್ತೆಯ ಮಣೆ ಮುಂದೆ ಸರಿಯುತ್ತಾ ಬಂತು. ಒಂದು ದಿನ ಅವಸರ ಮಾಡಿ ಒಲೆ ಹತ್ತಿರವೇ ಕೂತರು. ಸಣ್ಣಮ್ಮ ಮತ್ತೆ ಮಂಚದ ಕೆಳಗೆ. ಅತ್ತೆ ಅವತ್ತು ಊಟ ಮಾಡಲಿಲ್ಲ. ಮಾರನೆಯ ದಿನ ಮಣೆ ಎತ್ತಿಕೊಂಡು ಮತ್ತೆ ಜಗಲಿಗೇ ಹೋದರು. ನಾನಾಗಿದ್ದರೆ ಬೇಸತ್ತು ಬಿಡುತ್ತಿದ್ದೆನೋ ಏನೋ.

ಆಷಾಢದಲ್ಲೇ ಬರುವ ದೇವಿಯ ಹುಟ್ಟುಹಬ್ಬ, ಚಾಮುಂಡಿ ವರ್ಧಂತಿಯ ದಿನ ನಮ್ಮ ಬೀದಿ ಮೂಲೆಯಲ್ಲಿ ಚಪ್ಪರ, ಮೈಕು, ತಮಟೆ, ಊರಿಗೆಲ್ಲ ಪುಳಿಯೋಗರೆ. "ಕರ್ಕೊಂಡ್ ವೋಗ್ಲಾ?" ಅಂದರು ಅತ್ತೆ. ಇಂಜೆಕ್ಷನ್ ಇನ್ನೂ ಮುಗಿದಿರಲಿಲ್ಲ, ನೆಲಕ್ಕೆ ಮಾತ್ರ ಬಿಡಬೇಡಿ, ದೂರದಲ್ಲೇ ನಿಲ್ಲಿ ಅಂದೆ. ಬಗಲಲ್ಲಿ ಎತ್ತಿಕೊಂಡು ಹೋದರು. ನಾನು ಹಿಂದೆಯೇ ಹೋಗಿ ನೋಡಿದೆ. ತಮಟೆ ಬಾರಿಸುತ್ತಿದ್ದಾರೆ, ಸಣ್ಣಮ್ಮನ ಕಿವಿ ನೆಟ್ಟಗೆ, ಮೂಗು ಮಾತ್ರ ಪುಳಿಯೋಗರೆಯ ಕಡೆಗೆ. ಬಾಲ ಒಂದು ಸಲ ಆಡಿತು. ಆಮೇಲೆ ನಿಲ್ಲಲೇ ಇಲ್ಲ. ಅತ್ತೆ ನನ್ನತ್ತ ತಿರುಗಿ ನಕ್ಕರು. ನಗುತ್ತಿದ್ದ ಹಾಗೇ ಅವರ ಮುಖ ಬಾಡಿತು. ಪಾಠ ಮುಗಿಯಿತು ಅಂತ ಇಬ್ಬರಿಗೂ ಗೊತ್ತಾಗಿತ್ತು.

ಉಳಿದ ಮರಿಗಳು ಒಂದೊಂದೇ ಹೋದವು. ಶ್ರಾವಣದ ಮೊದಲ ಭಾನುವಾರ ಸುದರ್ಶನ ಮಗಳ ಜೊತೆ ಬಂದರು. ಸಮನ್ವಿತಾ ಬಂದವಳೇ ನೆಲದ ಮೇಲೆ ಕೂತಳು. ಸಣ್ಣಮ್ಮ ಅವಳ ಚೂಡಿದಾರದ ವೇಲನ್ನು ಬಾಯಲ್ಲಿ ಹಿಡಿದು ಯುದ್ಧ ಶುರು ಮಾಡಿತು. ನಾನು ಕಾಫಿ ತರಲು ಏಳುವಷ್ಟರಲ್ಲಿ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು, ಜೋರಾಗಿ, ಒಂದರ ಮೇಲೊಂದು ಮೂರು ಸಲ. ನಾನು ತಟ್ಟನೆ ಮರಿಯ ಕಡೆ ತಿರುಗಿದೆ. ಸಣ್ಣಮ್ಮ ವೇಲು ಬಿಡಲಿಲ್ಲ.

"ಹೆಸರು ಏನಿಡ್ತೀಯಮ್ಮ?" ಅಂತ ಸಮನ್ವಿತಾಳನ್ನು ಕೇಳಿದೆ.

"ನಿಮ್ಮನೆ ಅಜ್ಜಿ ಸಣ್ಣಮ್ಮ ಅಂತ ಕರೀತಾರಲ್ಲ ಆಂಟಿ, ಅದೇ ಇರಲಿ" ಅಂದಳು. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅತ್ತೆ ಸರಕ್ಕನೆ ಒಳಗೆ ಹೋದರು.

ಜಾಮೂನಿನ ವಾಸನೆ ಹತ್ತಿದ ಹಳೇ ಟವೆಲ್ಲನ್ನು ಜೊತೆಗಿಟ್ಟು, ಯಾವ ಕಾಲಕ್ಕೆ ಯಾವ ಕಾರಣಕ್ಕೆ ಸಾಕಲು ಆಗದಿದ್ದರೂ ನಮ್ಮ ಮನೆಗೇ ತಂದು ಬಿಡಿ, ಬೀದಿಗಲ್ಲ ಅಂತ ಎಲ್ಲರಿಗೂ ಹೇಳುವುದನ್ನು ಇವರಿಗೂ ಹೇಳಿ, ಗೇಟಿನವರೆಗೆ ಹೋದೆ. ಅತ್ತೆ ಜಗಲಿಯಲ್ಲೇ ನಿಂತರು. ಹುಡುಗಿಯ ತೋಳಿನಲ್ಲಿ ಸಣ್ಣಮ್ಮ ಕಾರಿನ ಕಡೆಗೇ ಮುಖ ಮಾಡಿಕೊಂಡು ಹೋಯಿತು.

"ತಿರುಗೂ ನೋಡ್ಲಿಲ್ವಲ್ಲ ಮುಂಡೇದು" ಅಂದರು ಅತ್ತೆ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ದನಿಯಲ್ಲಿ ಹೆಮ್ಮೆ. ನನಗೂ ಅಳು ಬಂತು. ಪ್ರತಿ ಸಲವೂ ಬರುತ್ತದೆ, ಈ ಸಲ ಮುಚ್ಚಿಕೊಳ್ಳಲಿಲ್ಲ.

ಊಟದ ಹೊತ್ತಿಗೆ ಕುಕ್ಕರ್ ತೆಗೆದೆ. ಅನ್ನವೂ ಇರಲಿಲ್ಲ, ಬೇಳೆಯೂ ಇರಲಿಲ್ಲ. ಬರೀ ನೀರು.

"ಅತ್ತೆ, ಬರೀ ನೀರಿಟ್ಟು ಕೂಗಿಸಿದ್ರಾ?"

ಅವರು ತಟ್ಟೆ ಹಾಕತೊಡಗಿದರು.

"ಅದರ ಧೈರ್ಯ ನೋಡೋಣ ಅಂತಲೋ, ಹೆದರಿ ನಿಮ್ಮ ಹತ್ರ ಓಡಿ ಬರಲಿ ಅಂತಲೋ?"

ಅತ್ತೆ ಸೊಂಟಕ್ಕೆ ಬಿಗಿದಿದ್ದ ಸೆರಗನ್ನು ಬಿಚ್ಚಿ ಕಣ್ಣೊರೆಸಿಕೊಂಡರು.

"ಎಲ್ಡೂವೆ ಕಣಮ್ಮಿ" ಅಂದರು.