ಚಟ್ಟಕ್ಕೆ ಸುತ್ತಿದ ಪಟ್ಟಿ

ಚಟ್ಟ ಹೆಗಲಿಗೇರಿದ ಮೇಲೆಯೇ ಅದು ಜಹೀರೋದ್ದೀನನ ಕಣ್ಣಿಗೆ ಬಿತ್ತು. ಬಿದಿರಿನ ಉದ್ದಕ್ಕೂ ಹೂಮಾಲೆಯಂತೆ ಸುತ್ತಿದ್ದ, ತೂತು ತೂತಿನ ಕಾಗದದ ಪಟ್ಟಿ. ಈಗ ಚಟ್ಟದ ಮೇಲೆ ಮಲಗಿದ್ದ ಗೆಳೆಯ ಭಾಲಚಂದ್ರ ಎರಡು ವರ್ಷ ಕೂತು ಕೈಯಾರೆ ಕೊರೆದದ್ದು.

"ದತ್ತಾತ್ರಿ, ಇದನ್ನ ಯಾರು ಕಟ್ಟ್ಯಾರೋ?"

"ನಾನೇ ಕಟ್ಟೀನ್ರಿ ಚಾಚಾ," ಎಂದ ಭಾಲಚಂದ್ರನ ಅಣ್ಣನ ಮಗ, ಮುಂದೆ ಹೆಗಲು ಕೊಟ್ಟಿದ್ದವನು. "ಈ ಬರಗಾಲದಾಗ ಔರಾದ ಪ್ಯಾಟ್ಯಾಗ ಒಂದು ಹೂವ ಇಲ್ಲ. ಕಾಕಾನ ಟೇಬಲ್ ಮ್ಯಾಲಿತ್ತು, ಛಂದ ಕಾಣಸ್ತು."

"ಯಾ ಖುದಾ! ಇಳಸ್ರೋ ಕೆಳಗ!"

"ಹ್ಯಾಂಗ ಇಳಸೂದ್ರಿ? ವಿಸಾವಾ ಬರೂತನಕ ನೆಲಕ್ಕ ಹಚ್ಚಬಾರದು."

ವಿಸಾವಾ ಎಂದರೆ ದಾರಿಯಲ್ಲಿ ಚಟ್ಟವನ್ನು ಒಮ್ಮೆ ಮಾತ್ರ ಇಳಿಸುವ ಜಾಗ. ಅದಿನ್ನೂ ಅರ್ಧ ಮೈಲಿ. ಹೆಗಲು ಬದಲಿಸೋಣವೆಂದರೆ ಓಣಿಯ ಗಂಡಸರೆಲ್ಲ ದುಡಿಯಲು ಹೈದರಾಬಾದಿಗೆ ಹೋಗಿದ್ದರು. ಎಣಿಸಿ ನಾಲ್ಕೇ ಹೆಗಲು, ಅದರಲ್ಲೊಂದು ಅವನದು. ದತ್ತಾತ್ರಿಗೆ ಬೈಯಬೇಕೋ, ಬರಗಾಲಕ್ಕೋ, ಹೇಳದೆ ಕೇಳದೆ ಹೊರಟುಬಿಟ್ಟ ಗೆಳೆಯನಿಗೋ ತಿಳಿಯದೆ ಜಹೀರೋದ್ದೀನ ಹಲ್ಲು ಕಚ್ಚಿ ನಡೆದ. 

*

ಇಬ್ಬರೂ ಬೀದರಿನ ತಾರ್ ಆಫೀಸಿನಲ್ಲಿ ತಂತಿ ಸಂದೇಶದ ತೂತುಪಟ್ಟಿ ಕೊರೆಯುತ್ತ ಮೂವತ್ತು ವರ್ಷ ಜೊತೆಗೆ ಕೆಲಸ ಮಾಡಿದವರು. ಭಾಲ್ಕಿಯ ಕಾಲೇಜೊಂದರ ಮೂಲೆಯಲ್ಲಿ ಒಂದು ಹಳೆಯ ಕಂಪ್ಯೂಟರ್ ಬಿದ್ದಿತ್ತು. ಅದನ್ನು ಎಬ್ಬಿಸುವ ಆದೇಶಗಳೆಲ್ಲ ಒಂದು ಕಾಗದದ ಪಟ್ಟಿಯ ತೂತುಗಳಲ್ಲಿದ್ದವು. ಆ ಪಟ್ಟಿಯೋ, ಮುಟ್ಟಿದರೆ ಪುಡಿ. ನಕಲು ಮಾಡಿಕೊಡುತ್ತೇನೆಂದು ಭಾಲಚಂದ್ರ ಒಪ್ಪಿಕೊಂಡ. ಜಹೀರೋದ್ದೀನ ಸಾಲು ಸಾಲಾಗಿ ಎಷ್ಟನೆಯ ಮನೆಗಳಲ್ಲಿ ತೂತಿದೆಯೆಂದು ಓದುವುದು, ಅವನು ಕೊರೆಯುವುದು. ಓದುತ್ತ ಓದುತ್ತ ಇವನು ಎಲ್ಲಿದ್ದೇನೆಂದು ಮರೆತರೆ ಭಾಲಚಂದ್ರ ತಲೆ ಎತ್ತದೆಯೇ ಕೊರೆದ ಕೊನೆಯ ಸಾಲನ್ನು ನೆನಪಿಸುತ್ತಿದ್ದ.

"ಎರಡು, ಐದು ಆಗ್ಯಾದ. ಮುಂದಿನ ಸಾಲು ಹೇಳು."

ಕೊನೆಯ ಸಾಲು ಮುಗಿದದ್ದು ಮೊನ್ನೆ. ನಿನ್ನೆ ಭಾಲಚಂದ್ರನೂ ಮುಗಿದ. ಹಳೆಯ ಪಟ್ಟಿ ಅಷ್ಟರಲ್ಲಿ ಡಬ್ಬಿಯ ತಳದಲ್ಲಿ ಹುಡಿಯಾಗಿತ್ತು. ನಕಲು ಒಯ್ಯಲು ಕಾಲೇಜಿನವರು ನಾಳೆ ಬರುವವರಿದ್ದರು.

*

ವಿಸಾವಾದಲ್ಲಿ ಚಟ್ಟ ನೆಲ ಮುಟ್ಟಿದ್ದೇ ತಡ, ಜಹೀರೋದ್ದೀನ ಪಟ್ಟಿ ಬಿಚ್ಚತೊಡಗಿದ. ಮುಂದಿನದು ಸರಿಯಿತ್ತು, ಹಿಂದಿನದೂ ಸರಿಯಿತ್ತು. ಅವನದೇ ಹೆಗಲ ಮೇಲೆ ಬಂದಿದ್ದ ಗೇಣುದ್ದ ಮಾತ್ರ ಬೆವರಿಗೆ ನೆನೆದು, ತಿಕ್ಕಿ ತಿಕ್ಕಿ ಮುದ್ದೆಯಾಗಿತ್ತು.

"ನಡೀರಿ ಚಾಚಾ, ಬಿಸಲ ಏರ್ಲಿಕತ್ತದ," ಎಂದ ದತ್ತಾತ್ರಿ.

ಜಹೀರೋದ್ದೀನ ಏಳಲಿಲ್ಲ. ಮುದ್ದೆಗಿಂತ ಮುಂಚೆ ಸರಿಯಾಗಿ ಉಳಿದಿದ್ದ ಕೊನೆಯ ಸಾಲಿನ ಮೇಲೆ ಉಗುರಿಟ್ಟು, ಹೆಣದ ಕಿವಿಯ ಹತ್ತಿರ ಬಗ್ಗಿದ.

"ಒಂದು, ನಾಕು, ಏಳು ಆಗ್ಯಾದ ಭಾಲ್ಯಾ. ಮುಂದಿನ ಸಾಲು ಹೇಳು."